ಭಾನುವಾರದ ಇಪ್ಪತ್ತಮೂರು ಕೀಲಿಕೈಗಳು

ಬೆಳಗಿನ ಐದೂಮುಕ್ಕಾಲು. ಐರಿಶ್ ನಗರವಾದ ಲಿಮೆರಿಕ್‌ನ ಹೊರವಲಯದ ಈ ನಿವೃತ್ತರ ವಸತಿಯಲ್ಲಿ ಇನ್ನೂ ಯಾವ ಮನೆಯ ಪರದೆಯೂ ಸರಿದಿಲ್ಲ. ಮುಖಕ್ಕೆ ಮಾಸ್ಕ್, ಹೆಗಲಿಗೆ ಬಟ್ಟೆಯ ಚೀಲ ಹಾಕಿಕೊಂಡ ಫಿಲೋಮಿನಾ ಮಥಾಯಸ್ ಮನೆಯಿಂದ ಮನೆಗೆ ನಡೆಯುತ್ತಿದ್ದಾರೆ. ಇಪ್ಪತ್ತಮೂರು ಮನೆಗಳ ಪಕ್ಕದಲ್ಲಿ ನಿಂತಿರುವ ಗಾಲ್ಫ್ ಕಾರ್ಟ್‌ಗಳ, ಅಂದರೆ ಪುಟ್ಟ ಬ್ಯಾಟರಿ ಗಾಡಿಗಳ, ಚಾರ್ಜಿಂಗ್ ಕೇಬಲ್ ತೆಗೆಯುತ್ತಾರೆ, ಸೀಟಿನಲ್ಲಿ ಬಿಟ್ಟಿರುವ ಕೀಲಿಕೈ ಎತ್ತಿಕೊಳ್ಳುತ್ತಾರೆ, ಮನೆ ನಂಬರಿನ ಚೀಟಿ ಕಟ್ಟಿ ಚೀಲಕ್ಕೆ ಹಾಕುತ್ತಾರೆ. ಸಂಜೆ ಮೊಮ್ಮಕ್ಕಳ ಕಾರುಗಳೆಲ್ಲ ಗೇಟು ದಾಟಿದ ಮೇಲೆ ಅಷ್ಟನ್ನೂ ಹಿಂದಿರುಗಿಸುತ್ತಾರೆ.

ಇಂದು ಮೇ ತಿಂಗಳ ಮೂರನೆಯ ಭಾನುವಾರ. ಕೊರೊನಾ ನಿರ್ಬಂಧ ಸಡಿಲಿಸಿ, ಒಂದು ಕೌಂಟಿಯಿಂದ, ಅಂದರೆ ಜಿಲ್ಲೆಯಿಂದ, ಇನ್ನೊಂದಕ್ಕೆ ಓಡಾಡಲು ಸರ್ಕಾರ ಅನುಮತಿ ಕೊಟ್ಟ ನಂತರದ ಮೊದಲ ಭಾನುವಾರ. ಮೂವತ್ತಕ್ಕೂ ಹೆಚ್ಚು ಮೊಮ್ಮಕ್ಕಳು ಬರುತ್ತಾರೆಂದು ಗೇಟಿನ ಪಟ್ಟಿ ಹೇಳುತ್ತದೆ. ಫಿಲೋಮಿನಾ ಬಗ್ಗೆ ಬರೆಯಲು ಬಂದ ನಾನು ಪಟ್ಟಿಯನ್ನು ಎರಡು ಸಲ ಎಣಿಸಿದೆ, ಒಮ್ಮೆ ಮೂವತ್ತೊಂದು, ಇನ್ನೊಮ್ಮೆ ಮೂವತ್ತಮೂರು ಬಂತು.

ಹದಿನೇಳನೇ ಮನೆಯ ಗಾಡಿಯಲ್ಲಿ ಕೀಲಿಕೈ ಇಲ್ಲ. ಕಿಟಕಿ ತೆರೆಯುತ್ತದೆ.

“ಬಂದ್ರಾ ಟ್ರಾಫಿಕ್ ಪೊಲೀಸ್‌ನೋರು,” ಎನ್ನುತ್ತಾರೆ ಎಪ್ಪತ್ತನಾಲ್ಕರ ಡಾ. ನಂಜುಂಡಪ್ಪ. ಮೈಸೂರಿನಲ್ಲಿ ಓದಿ, ಇಲ್ಲಿನ ಸರ್ಕಾರಿ ಆಸ್ಪತ್ರೆಗಳಲ್ಲಿ ದುಡಿದು ನಿವೃತ್ತರಾದವರು.

“ಗುಡ್ ಮಾರ್ನಿಂಗ್ ಡಾಕ್ಟ್ರೇ. ಕೀ ಕೊಡ್ತೀರಾ?”

“ಇವತ್ತು ಕೊಡಲ್ಲ. ಹನ್ನೊಂದಕ್ಕೆ ಮೊಮ್ಮಗಳು ಬರ್ತಾಳೆ. ಹದಿನಾಲ್ಕು ತಿಂಗಳು ಫೋನಲ್ಲೇ ನೋಡಿದೀನಿ. ಮನೆಯೊಳಗೆ ಯಾರನ್ನೂ ಕರೀಬೇಡಿ ಅಂತ ನಿಮ್ಮೋರೇ ಬೋರ್ಡ್ ಹಾಕಿದಾರೆ. ಗಾಡೀಲಾದ್ರೂ ತೊಡೆ ಮೇಲೆ ಕೂರಿಸ್ಕೊಂಡು ಒಂದು ಸುತ್ತು ಹೋಗ್ತೀನಿ.”

“ಅದೇ ಬೇಡ ಅಂತ ನಾನು ಹೇಳುದು.”

“ನನ್ನ ಮಗನ್ನ ಸ್ಕೂಟರ್ ಮುಂದೆ ನಿಲ್ಲಿಸ್ಕೊಂಡು ಮೂರು ವರ್ಷ ಸ್ಕೂಲಿಗೆ ಬಿಟ್ಟಿದೀನಿ ಕಣಮ್ಮ. ಬಿದ್ದಿದಾನಾ?”

ಕಿಟಕಿ ಮುಚ್ಚುತ್ತದೆ. ಫಿಲೋಮಿನಾ ಹದಿನೆಂಟನೇ ಮನೆಯತ್ತ ಹೊರಡುತ್ತಾರೆ. ಕೀಲಿಕೈ ಕೊಡಲೇಬೇಕೆಂದು ಯಾವ ನಿಯಮವೂ ಇಲ್ಲ. ಫಿಲೋಮಿನಾ ಕೇಳುತ್ತಾರೆ, ಮನೆಯವರು ಕೊಡುತ್ತಾರೆ, ಅಷ್ಟೆ. “ಇವತ್ತು ಒಬ್ರು ಕೊಡ್ಲಿಲ್ಲ ಅಂದ್ರೆ ಬರುವ ವಾರ ಹತ್ತು ಜನ ಕೊಡುದಿಲ್ಲ. ಮತ್ತೆ ನನ್ನ ಮಾತು ಯಾರು ಕೇಳ್ತಾರೆ?”

ಉಡುಪಿ ಬಳಿಯ ಶಿರ್ವದವರಾದ ಫಿಲೋಮಿನಾಗೆ ಈಗ ಐವತ್ತಮೂರು. ಗಂಡ ವಿವಿಯನ್ ಆಸ್ಪತ್ರೆಯೊಂದರ ಅಡುಗೆಮನೆಯಲ್ಲಿದ್ದಾರೆ. ಫಿಲೋಮಿನಾ ಹದಿನಾರು ವರ್ಷ ಇಲ್ಲಿನ ಬಟ್ಟೆ ತೊಳೆಯುವ ಕೋಣೆಯಲ್ಲಿ ದುಡಿದವರು, ಕಳೆದ ವರ್ಷ ಮಾರ್ಚ್‌ನಲ್ಲಿ ಊಟದ ಹಾಲ್ ಮುಚ್ಚಿದಾಗ ಗಾಡಿ ಓಡಿಸಲು ಕಲಿತರು. ಅರವತ್ತನಾಲ್ಕು ಮನೆಗಳ ಬಾಗಿಲಿಗೆ ದಿನಕ್ಕೆ ಮೂರು ಸಲ ಊಟ, ಎರಡು ದಿನಕ್ಕೊಮ್ಮೆ ಔಷಧಿ. ಕಳೆದ ಚಳಿಗಾಲದಲ್ಲಿ ಕೆಲವರಿಗೆ ಮನುಷ್ಯರ ದನಿ ಕೇಳಿಸುತ್ತಿದ್ದುದೇ ಆ ಮೂರು ಸಲ. ಅವರಲ್ಲಿ ಐದು ಮಂದಿ ಈಗಿಲ್ಲ. ಆ ಐದೂ ಮನೆಗಳ ಬಾಗಿಲಲ್ಲಿ ಮುಟ್ಟದೆ ಉಳಿದ ತಟ್ಟೆಯನ್ನು ಮೊದಲು ಕಂಡವರು ಇವರೇ.

ಕೀಲಿಕೈ ಸಂಗ್ರಹ ಶುರುವಾದದ್ದು ಕಳೆದ ಸೆಪ್ಟೆಂಬರ್‌ನಲ್ಲಿ. ಆಗ ಕೆಲವು ವಾರ ಇದೇ ಕೌಂಟಿಯ ಹೊರಗಿನವರಿಗೆ ಮಾತ್ರ ವಸತಿಯೊಳಗೆ ಪ್ರವೇಶವಿತ್ತು. ಒಂಬತ್ತನೇ ಮನೆಯಾಕೆಯ ಮೊಮ್ಮಗಳು, ಐದು ವರ್ಷದ ಊನಾ, ಗಾಡಿ ಬೇಕೆಂದು ಹಟ ಹಿಡಿದಳು. ಊರಲ್ಲಿ ಎಲ್ಲರೂ ಮಾಡುವಂತೆ ಫಿಲೋಮಿನಾ ಅವಳನ್ನು ಮುಂದೆ, ತಮ್ಮ ಮೊಣಕಾಲುಗಳ ನಡುವೆ ನಿಲ್ಲಿಸಿಕೊಂಡರು. ಬಲಕ್ಕೆ ತಿರುಗಿಸಿದರು. ಮಗು ಎಡಕ್ಕೆ ಹೋಯಿತು.

“ಸ್ಕೂಟರ್ ಆದ್ರೆ ತಿರುಗುವಾಗ ನಮ್ಮೊಟ್ಟಿಗೆ ವಾಲ್ತದೆ, ಮಗುವೂ ವಾಲ್ತದೆ. ಇದು ವಾಲುದಿಲ್ಲ ಮಾರಾಯ್ರೆ. ಗಾಡಿ ಒಂದು ಕಡೆ, ಮಗು ಒಂದು ಕಡೆ. ಬಾಗಿಲೂ ಇಲ್ಲ. ನಂಗೆ ಗೊತ್ತಿರ್ಲಿಲ್ಲ.”

ಕೊರಳೆಲುಬು ಮುರಿಯಿತು, ಹಣೆಗೆ ಆರು ಹೊಲಿಗೆ ಬಿತ್ತು. ಗಾಡಿಗೆ ದಾರಿಯ ಅಂಚಿನ ಕಲ್ಲು ತಗುಲಿರಬೇಕು ಎಂದು ಊನಾಳ ಅಜ್ಜಿಯೇ ಬರೆದುಕೊಟ್ಟರು. ಫಿಲೋಮಿನಾ ಆಫೀಸಿಗೆ ಹೋಗಿ, ಕಲ್ಲಲ್ಲ, ತಪ್ಪು ನನ್ನದು ಎಂದರು. ಲಿಖಿತ ಎಚ್ಚರಿಕೆ ಸಿಕ್ಕಿತು, ಕೆಲಸ ಉಳಿಯಿತು. ಮರುಭಾನುವಾರ ಅವರಿಗೆ ರಜೆಯಿತ್ತು. ಅಂದೇ ಚೀಲ ಹಿಡಿದು ಬಂದರು.

ಅವರ ಮಾತನ್ನೇ ನಂಬಿ ಬರೆಯುವುದು ಸರಿಯೋ ಎಂಬ ಅನುಮಾನದಿಂದ ಈ ಗಾಡಿಗಳನ್ನು ದುರಸ್ತಿ ಮಾಡುವವರನ್ನು ಕೇಳಿದೆ. ಇಲ್ಲಿನ ಗಾಡಿಗಳಿಗೆ ಬ್ರೇಕ್ ಇರುವುದು ಹಿಂದಿನ ಚಕ್ರಕ್ಕೆ ಮಾತ್ರ. ಸೀಟಿನಲ್ಲಿ ಕೂತ ಸಣ್ಣ ಮಕ್ಕಳ ಕಾಲು ಗಾಡಿಯ ತಳಕ್ಕೆ ಎಟುಕುವುದಿಲ್ಲ, ಹಾಗಾಗಿ ತಿರುವಿನಲ್ಲಿ ಒತ್ತಿಹಿಡಿಯಲು ಅವರಿಗೆ ಏನೂ ಸಿಗದು. ಹಳೆಯ ಗಾಡಿಗಳಲ್ಲಿ ಆಕ್ಸಿಲರೇಟರ್ ತುಳಿದರೆ ಪಾರ್ಕಿಂಗ್ ಬ್ರೇಕ್ ತಾನಾಗಿಯೇ ಬಿಟ್ಟುಕೊಳ್ಳುತ್ತದೆ. ಕೀಲಿಕೈ ಇದ್ದರೆ ಮೂರು ವರ್ಷದ ಮಗುವೂ ಗಾಡಿ ಹೊರಡಿಸಬಹುದು. ಹದಿನೇಳನೇ ಮನೆಯ ಮುಂದಿನ ದಾರಿ ಇಳಿಜಾರು, ಕೊನೆಯಲ್ಲಿ ಕೊಳ.

ಹತ್ತೂವರೆಗೆ ಫಿಲೋಮಿನಾ ವಸತಿಯ ಅಡುಗೆಮನೆಗೆ ಹೋಗುತ್ತಾರೆ. ತಿಂಗಳುಗಟ್ಟಲೆ ಮುಚ್ಚಿದ್ದ ಚರ್ಚು ಈ ವಾರವಷ್ಟೇ ತೆರೆದಿದೆ. ಐವತ್ತೇ ಜನರಿಗೆ ಅವಕಾಶವಿರುವ ಇಂದಿನ ಪೂಜೆಗೆ ವಿವಿಯನ್ ಒಬ್ಬರೇ ಹೋಗಿದ್ದಾರೆ. ಇವರು ತಕ್ಕಡಿಯ ಮೇಲೆ ಚೀಲವೊಂದಕ್ಕೆ ಹದಿನೈದು ಕಿಲೋ ಆಲೂಗಡ್ಡೆ ತುಂಬಿಸಿ, ಬಾಯಿ ಕಟ್ಟಿ, ಹೊತ್ತುಕೊಂಡು ಹೊರಡುತ್ತಾರೆ.

ಹನ್ನೊಂದಕ್ಕೆ ಐದು ನಿಮಿಷವಿರುವಾಗ ಡಬ್ಲಿನ್ ಬಳಿಯ ಲೀಕ್ಸ್‌ಲಿಪ್‌ನಿಂದ ಕಾರು ಬರುತ್ತದೆ. ಡಾಕ್ಟರರ ಮಗ ಮಯೂರ್, ಹಿಂದೆ ನಾಲ್ಕು ವರ್ಷದ ತನ್ವಿ. ಮಗು ಇಳಿದವಳೇ ಗಾಡಿಯತ್ತ ಓಡುತ್ತಾಳೆ.

“ತಾತಾ, ಕ್ಯಾನ್ ಐ ಡ್ರೈವ್ ಇಟ್?”

ಡಾಕ್ಟರರು ಆಗಲೇ ಸ್ಟಿಯರಿಂಗ್ ಹಿಂದೆ ಕುಳಿತಿದ್ದಾರೆ. ಕೀಲಿಕೈ ತಿರುಗಿದೆ. ಕೈ ಚಾಚುತ್ತಾರೆ. ಫಿಲೋಮಿನಾ ಇಬ್ಬರ ನಡುವೆ ಬಂದು ನಿಲ್ಲುತ್ತಾರೆ.

“ಪಕ್ಕಕ್ಕೆ ಸರಿಯಮ್ಮ.”

“ಒಂದೇ ಸುತ್ತು ಡಾಕ್ಟ್ರೇ. ಮೊದ್ಲು ಇದನ್ನು ಕೂರಿಸ್ಕೊಳ್ಳಿ.” ಚೀಲವನ್ನು ಅವರ ತೊಡೆಯ ಮೇಲಿಡುತ್ತಾರೆ. “ಮಗುವನ್ನು ಹಿಡಿದ ಹಾಗೇ ಹಿಡ್ಕೊಳ್ಳಿ. ಆ ಮರದವರೆಗೆ ಹೋಗಿ ಬಲಕ್ಕೆ ತಿರುಗಿ ಬನ್ನಿ. ಚೀಲ ನಿಮ್ಮ ಹತ್ರನೇ ಇದ್ರೆ ಇನ್ನು ಯಾವತ್ತೂ ನಾನು ಕೀ ಕೇಳುದಿಲ್ಲ.”

ಮಯೂರ್ ಮಾಸ್ಕ್‌ನ ಹಿಂದಿನಿಂದಲೇ ಹೇಳುತ್ತಾನೆ: “ಹೋಗಿಬನ್ನಿ ಅಪ್ಪ, ಇಟ್ಸ್ ಗ್ರ್ಯಾಂಡ್, ಏನೂ ಆಗಲ್ಲ.”

“ಸರ್ಜರಿ ಮಾಡಿದ ಕೈ ಇದು,” ಎಂದು ಡಾಕ್ಟರರು ಎಡಗೈಯಿಂದ ಚೀಲವನ್ನು ಅಪ್ಪಿಕೊಂಡು ಹೊರಡುತ್ತಾರೆ. ಗಾಡಿ ಸದ್ದು ಮಾಡುವುದಿಲ್ಲ. ವೇಗವೂ ಹೆಚ್ಚಿಲ್ಲ, ಸೈಕಲ್ ತುಳಿದಷ್ಟು. ಫಿಲೋಮಿನಾ ತನ್ವಿಯ ಹೆಗಲನ್ನು ಹಿಡಿದಿದ್ದಾರೆ.

ಮರದ ಬಳಿ ಗಾಡಿ ಬಲಕ್ಕೆ ತಿರುಗುತ್ತದೆ. ಡಾಕ್ಟರರ ಮೈಯೇ ಎಡಕ್ಕೆ ಜಾರುತ್ತದೆ, ಅವರು ಎರಡೂ ಕೈಗಳಿಂದ ಸ್ಟಿಯರಿಂಗ್ ಹಿಡಿಯುತ್ತಾರೆ. ಬಿದ್ದ ಚೀಲದ ಬಾಯಿ ಬಿಚ್ಚಿ ಆಲೂಗಡ್ಡೆಗಳು ಇಳಿಜಾರಿನಲ್ಲಿ ಉರುಳುತ್ತವೆ. ಹಿಂದಿನ ಚಕ್ರಕ್ಕೂ ಚೀಲಕ್ಕೂ ಒಂದು ಗೇಣು ಅಂತರ.

ನಗುವುದು ತನ್ವಿ ಮಾತ್ರ. ಮಯೂರ್ ಬಂದು ಮಗಳನ್ನು ಎತ್ತಿಕೊಳ್ಳುತ್ತಾನೆ.

ಡಾಕ್ಟರರು ಗಾಡಿಯಿಂದ ಇಳಿಯುವುದಕ್ಕೆ ಸಮಯ ಹಿಡಿಯುತ್ತದೆ. “ಬಿಗಿಯಾಗೇ ಹಿಡಿದಿದ್ದೆ,” ಎನ್ನುತ್ತಾರೆ ಯಾರನ್ನೂ ನೋಡದೆ.

“ನಾನೂ ಬಿಗಿಯಾಗೇ ಹಿಡ್ಕೊಂಡಿದ್ದೆ ಡಾಕ್ಟ್ರೇ.”

ಕೀಲಿಕೈ ಕೈ ಬದಲಾಗುತ್ತದೆ. ಫಿಲೋಮಿನಾ ಗಾಡಿಯನ್ನು ಸಮತಟ್ಟು ನೆಲಕ್ಕೆ ತಂದು ನಿಲ್ಲಿಸುತ್ತಾರೆ, ಇಪ್ಪತ್ತಮೂರನೆಯ ಆ ಕೀಲಿಕೈಯನ್ನು ಹೆಗಲ ಚೀಲಕ್ಕೆ ಹಾಕುತ್ತಾರೆ, ನಾಲ್ಕೂ ಚಕ್ರಗಳಿಗೆ ಮರದ ತುಂಡು ಕೊಡುತ್ತಾರೆ. “ಈಗ ಕೂತ್ಕೊಳ್ಳಿ. ಎಷ್ಟು ಹೊತ್ತು ಬೇಕಾದ್ರೂ.” ತನ್ವಿ ತಾತನ ತೊಡೆಯೇರಿ ಸ್ಟಿಯರಿಂಗ್ ತಿರುಗಿಸುತ್ತಾಳೆ. ಡಬ್ಲಿನ್ನಿಗೆ ಹೋಗುತ್ತಿದ್ದಾಳಂತೆ. ದಾರಿಯಲ್ಲಿ ಎರಡು ಸಲ ಪೆಟ್ರೋಲು ಹಾಕಿಸಬೇಕಾಗುತ್ತದೆ. ತಾತ ಅವಳ ತಲೆಯ ಮೇಲೆ ಗದ್ದ ಊರಿ ಕಣ್ಣು ಮುಚ್ಚಿದ್ದಾರೆ.

ಫಿಲೋಮಿನಾ ಆಲೂಗಡ್ಡೆ ಆರಿಸುತ್ತಿದ್ದಾರೆ, ನಾನೂ ಆರಿಸುತ್ತೇನೆ. ನಿಮಗೆ ಏನು ಬೇಕು ಎಂದು ಕೇಳುತ್ತೇನೆ. ಸಂಬಳದ ಮಾತೋ ಸನ್ಮಾನದ ಮಾತೋ ಬಂದೀತೆಂದು ನನ್ನ ಎಣಿಕೆ.

“ಒಂದು ಭಾನುವಾರ ಪೂಜೆಗೆ ಹೋಗ್ಬೇಕು. ನಮ್ಮ ಇವರೊಟ್ಟಿಗೆ ಕೂತು ಪೂಜೆ ಕೇಳಿ ವರ್ಷ ಆಯ್ತು.”

ಗಾಡಿಯೊಳಗಿಂದಲೇ ಡಾಕ್ಟರರು ಹೇಳುತ್ತಾರೆ: “ಮುಂದಿನ ವಾರ ಹೋಗಿಬನ್ನಿ. ಬೆಳಿಗ್ಗೆ ಕೀ ಎಲ್ಲಾ ನಾನು ಇಸ್ಕೊಂಡು ಬರ್ತೀನಿ. ನನ್ನ ಮಾತಿಗೆ ಯಾರೂ ಇಲ್ಲ ಅನ್ನಲ್ಲ.”

ಫಿಲೋಮಿನಾ ಕೊನೆಯ ಆಲೂಗಡ್ಡೆಯ ಮಣ್ಣು ಒರೆಸಿ ಚೀಲಕ್ಕೆ ಹಾಕುತ್ತಾರೆ.

“ಆಯ್ತು ಡಾಕ್ಟ್ರೇ, ಹೋಗ್ತೇನೆ. ನಿಮ್ಮದೊಂದು ಮಾತ್ರ ಶನಿವಾರವೇ ನನ್ನ ಹತ್ರ ಕೊಟ್ಬಿಡಿ.”