ಖಾಲಿ ಮಾಡಲ್ಲ ಎಂದ ತುಂಗಾ

ಯಶವಂತಪುರ ರೈಲ್ವೆ ಸ್ಟೇಷನ್ನಿನ ಹಿಂದಿನ ಬೀದಿಯಲ್ಲಿ, ಕ್ಯಾನ್ಸರ್ ರೋಗಿಗಳಿಗೆ ನೆರವಾಗುವ ಸಣ್ಣ ಸಂಘವೊಂದು ಮೂರು ಕೋಣೆಯ ಬಾಡಿಗೆ ಮನೆಯಲ್ಲಿ ನಡೆಯುತ್ತಿತ್ತು. ಪಟ್ಟಣದ ಆಸ್ಪತ್ರೆಯಲ್ಲಿ ವಾರಗಟ್ಟಲೆ ವಿಕಿರಣ ಚಿಕಿತ್ಸೆ, ಜನರ ಮಾತಿನಲ್ಲಿ ‘ಕರೆಂಟ್’, ಕೊಡಿಸಿಕೊಳ್ಳಬೇಕಾದ ಹೊರ ಊರಿನವರು ರೈಲಿಳಿದು ಅಲ್ಲಿ ಉಳಿಯುತ್ತಿದ್ದರು. ೧೯೭೩ರಲ್ಲಿ ತುಂಗಾ ಅಲ್ಲಿ ಟೈಪಿಸ್ಟ್ ಕೆಲಸ ಕೇಳಿಕೊಂಡು ಹೋದಾಗ ಅವಳಿಗೆ ಇಪ್ಪತ್ತೆರಡು ವರ್ಷ.

ಸಂಘ ಕಟ್ಟಿದವರು ಜಯಸಿಂಹ. ರೈಲ್ವೆಯಿಂದ ನಿವೃತ್ತರಾದವರು, ಹೆಂಡತಿಯನ್ನು ಅದೇ ಕಾಯಿಲೆಗೆ ಕಳೆದುಕೊಂಡವರು. “ಹೆದರಿಕೆ ಆಗಲ್ವೇನಮ್ಮಾ?” ಎಂದು ಕೇಳಿದರು.

“ಆಗುತ್ತೆ ಸಾರ್. ಆದ್ರೂ ಕೆಲಸ ಬೇಕು.”

ಆ ಉತ್ತರ ಅವರಿಗೆ ಹಿಡಿಸಿತು. ಅವಳಿಗೆ ಸಿಕ್ಕ ಕೆಲಸ ಮನೆಯಲ್ಲಿ ಮಾತ್ರ ಯಾರಿಗೂ ಹಿಡಿಸಲಿಲ್ಲ. ಅಣ್ಣ ಬದರೀನಾಥ ಕಾಯಿಲೆಯ ಹೆಸರನ್ನೇ ಬಾಯಿಗೆ ತರುತ್ತಿರಲಿಲ್ಲ. “ಆ ಜಾಗ” ಎನ್ನುತ್ತಿದ್ದ. ಎರಡನೆಯ ವರ್ಷ ಗಂಡಿನ ಕಡೆಯವರು ಬಂದು, ಉಪ್ಪಿಟ್ಟು ಕೇಸರಿಭಾತು ಮುಗಿಸಿ, ಹುಡುಗಿ ಎಲ್ಲಿ ಕೆಲಸ ಮಾಡುತ್ತಾಳೆಂದು ತಿಳಿದ ಮೇಲೆ ಕಾಫಿಗೂ ಕಾಯದೆ ಎದ್ದುಹೋದರು.

“ನಾಳೆಯಿಂದ ಹೋಗ್ಬೇಡ,” ಎಂದ ಬದರೀನಾಥ.

“ಎದ್ದುಹೋದೋರು ಅವರು. ನಾನ್ಯಾಕೆ ಬಿಡ್ಲಿ?” ಎಂದಳು ತುಂಗಾ. ಮರುದಿನ ಎಂದಿಗಿಂತ ಅರ್ಧ ಗಂಟೆ ಮೊದಲೇ ಹೊರಟಳು.

ಟೈಪಿಂಗ್ ಅವಳ ಕೆಲಸದ ಒಂದು ಮೂಲೆ ಮಾತ್ರವಾಯಿತು. ಗಂಜಿ ಕಾಯಿಸುವುದು, ಆಸ್ಪತ್ರೆಯ ಸರದಿಯಲ್ಲಿ ರೋಗಿಯ ಪಕ್ಕ ನಿಲ್ಲುವುದು, ಡಾಕ್ಟರು ಇಂಗ್ಲಿಷಿನಲ್ಲಿ ಹೇಳಿದ್ದನ್ನು ಮರೆಮಾಚದೆ ಕನ್ನಡದಲ್ಲಿ ಹೇಳುವುದು, ಎಲ್ಲವೂ ಅವಳ ಪಾಲಿಗೆ ಬಂತು.

ಸಂಘವಿದ್ದ ಮನೆಯ ಮಾಲೀಕ ವೀರಬಸಪ್ಪ ಧಾರವಾಡದ ಕಡೆಯಿಂದ ಬಂದು ನೆಲೆಸಿದ ಕಟ್ಟಿಗೆ ವ್ಯಾಪಾರಿ. ಪಕ್ಕದ ಮನೆಯಲ್ಲೇ ವಾಸ. ೧೯೭೭ರ ಒಂದು ಗುರುವಾರ ಮಧ್ಯಾಹ್ನ ಅವನ ಹೆಂಡತಿ ಪಾರವ್ವ ಹಿತ್ತಲ ಬಾಗಿಲಿನಿಂದ ಒಳಗೆ ಬಂದಳು. ಸೆರಗನ್ನು ಬಿಗಿಯಾಗಿ ಹಿಡಿದುಕೊಂಡು, ಎದೆಯಲ್ಲಿ ಗಂಟಾಗಿದೆ, ಮೂರು ತಿಂಗಳಾಯಿತು, ಗಂಡನಿಗೆ ಹೇಳಿಲ್ಲ ಎಂದಳು. ತುಂಗಾ ಆಗಲೇ ಡಾಕ್ಟರಿಗೆ ಪತ್ರ ಟೈಪು ಮಾಡಿದಳು. ಸೋಮವಾರ ಇಬ್ಬರೂ ಕೂಡಿ ಹೋಗುವುದೆಂದು ನಿಶ್ಚಯವಾಯಿತು.

ನಡುವಿನ ಭಾನುವಾರ ಬೆಳಿಗ್ಗೆ ವೀರಬಸಪ್ಪ ಬೀದಿಯ ಹತ್ತಾರು ಜನರನ್ನು ಕಟ್ಟಿಕೊಂಡು ಸಂಘದ ಬಾಗಿಲಿಗೆ ಬಂದ. ಜಯಸಿಂಹ ಊರಲ್ಲಿರಲಿಲ್ಲ.

“ನೋಡ್ರಿ ಬಾಯಾರ, ಓಣ್ಯಾಗಿನ ಮಂದಿಗೆ ಅಂಜಿಕಿ ಹುಟ್ಟೇತಿ. ಹದಿನೈದು ದಿನದಾಗ ಮನಿ ಖಾಲಿ ಮಾಡ್ರಿ.”

“ಮಕ್ಳು ಮರಿ ಇರೋ ಬೀದಿ ಕಣ್ರೀ,” ಎಂದಿತು ಗುಂಪಿನಿಂದ ಒಂದು ದನಿ. “ಗಾಳೀಲೇ ಅಂಟುತ್ತಂತೆ.”

ತುಂಗಾ ಹೊಸಿಲ ಮೇಲೆ ನಿಂತಳು. “ಗಾಳೀಲಿ ಅಂಟೋದಾಗಿದ್ರೆ ನಾಲ್ಕು ವರ್ಷದಿಂದ ಇಲ್ಲಿರೋ ನನಗೆ ಮೊದಲು ಬರ್ಬೇಕಿತ್ತು. ನಾವು ಖಾಲಿ ಮಾಡಲ್ಲ. ಒಳಗೆ ಹನ್ನೊಂದು ಜನ ಇದಾರೆ. ಯಾರನ್ನ ಮೊದಲು ಆಚೆ ಹಾಕ್ತೀರೋ ಹೇಳಿ, ಹೆಸರು ಕೂಗ್ತೀನಿ.”

“ಹೆಣ್ಮಗಳು ಇಷ್ಟು ಬಾಯಿ ಮಾಡಬಾರ್ದು,” ಎಂದ ವೀರಬಸಪ್ಪ.

ಅವನ ಬಾಯಿ ಕಟ್ಟಿಸಲು ತುಂಗಾಗೆ ಒಂದೇ ಮಾತು ಸಾಕಿತ್ತು. ಅದು ನಾಲಿಗೆಯ ತುದಿಗೂ ಬಂತು. ಆದರೆ ನಂಬಿ ಬಂದವಳ ಗುಟ್ಟು ಅದು. ಅದನ್ನು ನುಂಗಿಕೊಂಡಳು. ಬಾಗಿಲಿನಿಂದ ಮಾತ್ರ ಸರಿಯಲಿಲ್ಲ.

ಅಷ್ಟರಲ್ಲಿ ಗುಂಪಿನ ಹಿಂದಿನಿಂದ ಪಾರವ್ವ ದಾರಿ ಮಾಡಿಕೊಂಡು ಬಂದು ತುಂಗಾಳ ಪಕ್ಕದಲ್ಲಿ ನಿಂತಳು.

“ಮೊದಲ ನನ್ನ ಹೆಸರು ಕೂಗವ್ವಾ,” ಎಂದಳು. ಆಮೇಲೆ ಗಂಡನ ಕಡೆ ತಿರುಗಿದಳು. “ನನ್ನ ಎದಿಯಾಗ ಗಂಟು ಐತ್ರಿ. ನಾಳೆ ಇಕಿ ಜೋಡಿ ದವಾಖಾನಿಗೆ ಹೊಂಟೀನಿ. ನನ್ನನ್ನೂ ಓಣಿ ಬಿಟ್ಟು ಹೊರಗ ಹಾಕ್ತೀರೇನು?”

ವೀರಬಸಪ್ಪ ಜಗುಲಿಯ ಮೇಲೆ ಕುಸಿದು ಕೂತ. ಜನ ಒಬ್ಬೊಬ್ಬರಾಗಿ ಜಾರಿಕೊಂಡರು. ಸೋಮವಾರ ಆಸ್ಪತ್ರೆಗೆ ಮೂವರು ಹೋದರು.

ಪಾರವ್ವನಿಗೆ ಆಪರೇಷನ್ ಆಯಿತು. ಐದು ವರ್ಷ ಚೆನ್ನಾಗಿಯೇ ಇದ್ದಳು. ಗೋಡೆಗೆ ಗೋಡೆ ತಗುಲಿದ ಮನೆಯವಳೇ ಮೂರು ತಿಂಗಳು ಬಾಯಿ ಬಿಡಲಿಲ್ಲವೆಂದರೆ ಉಳಿದವರ ಪಾಡೇನು ಎಂಬ ಯೋಚನೆ ತುಂಗಾಳನ್ನು ಕೂರಗೊಡಲಿಲ್ಲ. ಹೆಬ್ಬಾಳ, ಅಟ್ಟೂರು, ಶೆಟ್ಟಿಹಳ್ಳಿ ಎಂದು ಬಸ್ಸು ಹತ್ತಿ ಹೊರಟಳು. ಯಾರದಾದರೂ ನಡುಮನೆಯಲ್ಲಿ ಹೆಂಗಸರನ್ನು ಕೂರಿಸಿಕೊಂಡು, ಗಂಟು ಹೇಗಿರುತ್ತದೆ, ಕೈಯಿಂದ ಹೇಗೆ ನೋಡಿಕೊಳ್ಳಬೇಕು ಎಂದು ಹೇಳಿಕೊಡುತ್ತಿದ್ದಳು. ಪಾರವ್ವನೂ ಜೊತೆಗೆ ಹೋಗಿ, ತನ್ನ ಗಾಯದ ಗುರುತನ್ನೇ ತೋರಿಸುತ್ತಿದ್ದಳು.

ಶೆಟ್ಟಿಹಳ್ಳಿಯ ಹಿರಿಯ ಶ್ರೀರಾಮಪ್ಪ ಒಮ್ಮೆ ಬಾಗಿಲು ಬಡಿದ. “ಎಂಗಸ್ರಿಗೆ ಇಂಥಾ ಮಾತೆಲ್ಲ ಯೋಳ್ಕೊಡೋದಾ? ಇಂಗೆಲ್ಲ ನಮ್ಮೂರಾಗೆ ನಡೆಯಾಕಿಲ್ಲ.”

“ಅದಕ್ಕೇ ಬಾಗಿಲು ಹಾಕ್ಕೊಂಡು ಹೇಳ್ತಿದೀನಿ ಯಜಮಾನ್ರೇ. ಇನ್ನೂ ಅರ್ಧ ಗಂಟೆ ಇದೆ, ನೀವು ಆಚೆನೇ ಇರಿ.”

೧೯೮೨ರಲ್ಲಿ ಕಾಯಿಲೆ ಮರುಕಳಿಸಿ ಪಾರವ್ವ ತೀರಿಕೊಂಡಳು. ಮೂರನೆಯ ದಿನ ತುಂಗಾ ಅಟ್ಟೂರಿಗೆ ಒಬ್ಬಳೇ ಹೋದಳು.

ಮರುವರ್ಷ ಜಯಸಿಂಹರಿಗೆ ಕಣ್ಣು ಮಂಜಾಗಿ, ಅವರು ನೋಡಿಕೊಳ್ಳುತ್ತಿದ್ದ ಕಾರ್ಯದರ್ಶಿ ಸ್ಥಾನ ತೆರವಾಯಿತು. ಸಂಘದ ಸಮಿತಿಯವರು ತುಂಗಾಳನ್ನು ಬಿಟ್ಟು ಹೊರಗಿನಿಂದ ಒಬ್ಬ ನಿವೃತ್ತ ಅಧಿಕಾರಿಯನ್ನು ಹುಡುಕಿದರು.

“ಹೆಂಗಸರಿಗೆ ಇದು ಕಷ್ಟ,” ಎಂದರು ಒಬ್ಬ ಸದಸ್ಯರು. “ತುಂಬಾ ಓಡಾಟ ಇರುತ್ತಲ್ಲಮ್ಮ.”

“ಹತ್ತು ವರ್ಷ ಓಡಾಡಿದ್ದು ಯಾರು ಸಾರ್?” ತುಂಗಾ ಕುರ್ಚಿಯಿಂದ ಏಳಲಿಲ್ಲ. “ಆ ಅಧಿಕಾರಿ ಕೈಕೆಳಗೆ ನಾನು ಕೆಲಸ ಮಾಡಲ್ಲ. ರಾಜೀನಾಮೆನೂ ಕೊಡಲ್ಲ. ನನ್ನನ್ನ ತೆಗೀಬೇಕು ಅಂದ್ರೆ ಕಾರಣ ಬರೆದು ಕೊಡಿ. ಬೇಕಾದ್ರೆ ನಾನೇ ಟೈಪ್ ಮಾಡ್ಕೊಡ್ತೀನಿ.”

ಮೂಲೆಯಲ್ಲಿ ಕೂತಿದ್ದ ಜಯಸಿಂಹ ಗಟ್ಟಿಯಾಗಿ ನಕ್ಕುಬಿಟ್ಟರು. ಬರೆದು ಕೊಡಲು ಯಾರಿಗೂ ಕಾರಣ ಸಿಗಲಿಲ್ಲ. ಕೈಯೆತ್ತಿಸಿದಾಗ ಎರಡು ಮತಗಳ ಅಂತರದಿಂದ ತುಂಗಾ ಗೆದ್ದಳು. ಬೇಡವೆಂದಿದ್ದ ಸದಸ್ಯರು ಅಭಿನಂದಿಸದೆ ಎದ್ದುಹೋದರು. ಅವಳೂ ಬೀಳ್ಕೊಡಲು ಏಳಲಿಲ್ಲ.

ದಶಕ ಮುಗಿಯುವ ಹೊತ್ತಿಗೆ ಸಂಘಕ್ಕೆ ಯಲಹಂಕದಲ್ಲಿ ನಲವತ್ತು ಹಾಸಿಗೆಯ ಸ್ವಂತ ಮನೆಯಾಗಿತ್ತು. ತುಂಗಾ ಮದುವೆಯಾಗಲಿಲ್ಲ, ಕೇಳಿದವರಿಗೆ ಪುರುಸೊತ್ತಾಗಲಿಲ್ಲ ಎನ್ನುತ್ತಿದ್ದಳು. ಒಂದು ಬೆಳಿಗ್ಗೆ ಚಿಕ್ಕಬಾಣಾವರದಲ್ಲಿ ಇಬ್ಬರು ಹೆಂಗಸರು ಪರೀಕ್ಷೆಗೆ ಬರಲು ಒಪ್ಪುತ್ತಿಲ್ಲವೆಂದು ಸುದ್ದಿ ಬಂತು. ತಾನೇ ಹೋದಳು. ಒಬ್ಬಾಕೆ ಜೊತೆಗೆ ಹೊರಟಳು. ಇನ್ನೊಬ್ಬಾಕೆ ಮುಖದ ಮೇಲೆ ಬಾಗಿಲು ಹಾಕಿಕೊಂಡಳು.

“ಬುಧವಾರ ಮತ್ತೆ ಬರ್ತೀನಿ ಕಣಮ್ಮಾ,” ಎಂದು ತುಂಗಾ ಮುಚ್ಚಿದ ಬಾಗಿಲಿಗೆ ಹೇಳಿದಳು. ಬುಧವಾರ ಹೋದಳು ಕೂಡ.