ಎಡಗೈಗೊಂದು ಸೌಟು

"ಬೀಡಿ ಕಟ್ಟುವಾಗ ಎಡಗೈ ಆದೀತು. ಬೀಡಿ ತೆಗೆದುಕೊಳ್ಳುವ ಬ್ರಾಂಚಿನವರು ಅದನ್ನು ನೋಡುವಾಗ ಇದು ಯಾವ ಕೈಯ ಬೀಡಿ ಅಂತ ಒಂದು ದಿನ ಕೇಳಿದ್ದುಂಟಾ? ಹುಲ್ಲು ಕೊಯ್ಯುವಾಗ ಆದೀತು, ಸೆಗಣಿ ಬಾಚುವಾಗ ಆದೀತು. ಮಾವ ಹಾಸಿಗೆ ಹಿಡಿದಾಗ ಅವರನ್ನು ತೊಳೆದದ್ದು ಇದೇ ಕೈ. ಅದಕ್ಕಾದರೆ ಎಲ್ಲರಿಗೂ ಇದೇ ಬೇಕು. ಒಂದು ಸೌಟು ಗಂಜಿ ಬಡಿಸಲಿಕ್ಕೆ ಹೋದರೆ ಮಾತ್ರ ಮನೆಯ ಮರ್ಯಾದೆ ಹೋಗ್ತದೆ! ನನ್ನ ಅಮ್ಮ ಎಂತ ಮಾಡ್ತಿದ್ರು ಗೊತ್ತುಂಟಾ? ಉಣ್ಣುವ ಹೊತ್ತಿಗೆ ಈ ಕೈಯನ್ನು ಲಂಗದ ಲಾಡಿಯಲ್ಲಿ ಬೆನ್ನ ಹಿಂದೆ ಕಟ್ಟಿ ಹಾಕ್ತಿದ್ರು. ಅತ್ತೆ ಕಟ್ಟಲಿಲ್ಲ, ಬೆರಳಿನ ಗಂಟಿಗೆ ಸೌಟಿನಿಂದ ಕುಟ್ಟಿದ್ರು. ನನ್ನ ಕಾಲ ಹಾಗೆ ಹೋಯ್ತು ಅಂತ ಬಿಟ್ಟೆ. ಈಗ ಆ ಹುಡುಗಿಯ ಕಾಲು ಸುಟ್ಟುಹಾಕಿದ್ದಾರಲ್ಲ, ಅದನ್ನೂ ಬಿಡ್ಲಿಕ್ಕುಂಟಾ?"

ಮಡಿಲಲ್ಲಿದ್ದ ಬೀಡಿ ಎಲೆಯ ಮೊರವನ್ನು ಆಚೆ ದೂಡಿ ಲೋಲಾಕ್ಷಿ ಇಷ್ಟು ಹೇಳಿದಳು. ಪುತ್ತಿಗೆಯಲ್ಲಿ ಅವಳ ಮನೆಗೂ ನಮ್ಮ ಮನೆಗೂ ನಡುವೆ ನೀರು ಹರಿಯುವ ಒಂದು ತೋಡು ಮಾತ್ರ. ಜೋರು ಬಾಯಿಯವಳು ಎಂದು ಊರಲ್ಲಿ ಹೆಸರಿದ್ದರೂ ಅವಳಿಗೆ ಅಷ್ಟು ಸಿಟ್ಟು ಬಂದದ್ದನ್ನು ನಾನು ನೋಡಿರಲಿಲ್ಲ.

ಹುಡುಗಿ ಎಂದರೆ ಅವಳ ತಂಗಿಯ ಮಗಳು ನಮಿತಾ. ಅವಳೂ ದೊಡ್ಡಮ್ಮನ ಹಾಗೆಯೇ ಎಡಗೈಯವಳು. ಆ ವರ್ಷ, ಎರಡು ಸಾವಿರದ ಹನ್ನೊಂದರಲ್ಲಿ, ಕುಂಬಳೆಯ ವಿಜೇತನಿಗೆ ಕೊಟ್ಟು ಮದುವೆಯಾಗಿತ್ತು. ಚೌತಿಯ ದಿನ ನೆಂಟರಿಗೆ ಬಡಿಸಲು ಅವಳು ಎಡಗೈಯಲ್ಲಿ ಸೌಟು ಹಿಡಿದಾಗ ಅತ್ತೆ ವಾರಿಜಕ್ಕ ಎಲ್ಲರೆದುರು ಅದನ್ನು ಕಿತ್ತು ಬಲಗೈಗೆ ಕೊಟ್ಟರಂತೆ. ಅಭ್ಯಾಸವಿಲ್ಲದ ಕೈಯಲ್ಲಿ ಸೌಟು ವಾಲಿ, ಕುದಿಯುವ ಸಾಂಬಾರು ಪಾದದ ಮೇಲೆಯೇ ಬಿತ್ತು. ತಂಗಿ ಫೋನಿನಲ್ಲಿ ಅಳುತ್ತಾ ಹೇಳಿದ್ದು ಅದನ್ನೇ.

"ಅವಳಿಗೆ ಅವಳ ಕೈಯದ್ದೇ ಒಂದು ಸೌಟು ಮಾಡಿ ಕೊಡ್ತೇನೆ. ಮದುವೆಗೆ ಕೊಟ್ಟ ಸೀರೆ ಯಾರು ಬೇಕಾದರೂ ಉಟ್ಟಾರು. ಇದು ಅವಳೊಬ್ಬಳದ್ದು" ಎಂದಳು ಲೋಲಾಕ್ಷಿ.

ಹಲಸಿನ ಮರದ ಗೆಲ್ಲೊಂದು ಕೊಟ್ಟಿಗೆಯ ಅಟ್ಟದಲ್ಲಿ ಒಣಗಿತ್ತು. ಕುಳಿ ತೋಡುವ ಬಾಗಿದ ಉಳಿಗೆ ಮಾತ್ರ ಆಚಾರಿ ಕಿಟ್ಟಣ್ಣನ ಹತ್ತಿರ ಹೋಗಬೇಕಾಯಿತು.

"ಉಳಿ ಎಂತಕ್ಕೆ ಲೋಲಾಕ್ಷಕ್ಕ? ಮಹಾಬಲಣ್ಣನ ತಲೆ ಕೆತ್ತಲಿಕ್ಕಾ?" ಎಂದು ಅವಳ ಗಂಡನನ್ನು ಹಿಡಿದು ಕಿಟ್ಟಣ್ಣ ತಮಾಷೆ ಮಾಡಿದ.

"ಅದು ಹಲಸಿಗಿಂತ ಗಟ್ಟಿ ಮಾರಾಯ, ನಿನ್ನ ಉಳಿ ಮುರಿದೀತು."

ಕತ್ತಿಯಿಂದ ಗೆಲ್ಲನ್ನು ಸೀಳಿ, ಹಿಡಿ ಬಿಡಿಸಿ, ಒಲೆಯ ಬದಿಯಲ್ಲಿ ತೂಗುತ್ತಿದ್ದ ತನ್ನ ಹಳೆಯ ಮರದ ಸೌಟನ್ನು ಎದುರಿಗಿಟ್ಟುಕೊಂಡು ಅವಳು ಕೆತ್ತಲು ಕೂತಳು. ಅದರ ಹಾಗೆಯೇ ಕುಳಿ, ಅದರ ಹಾಗೆಯೇ ಒಂದು ಬದಿಗೆ ಓರೆಯಾದ ಅಂಚು. ಆ ಓರೆ ಇದ್ದರೇ ಸೌಟು ಗಂಜಿಯ ಅಡಿಯನ್ನು ಚೆನ್ನಾಗಿ ಕೆರೆಯುವುದು. ಒಡೆದ ಗಾಜಿನ ಚೂರಿನಿಂದ ಹೆರೆದು ನುಣುಪು ಮಾಡಿ, ಎಣ್ಣೆ ಉಜ್ಜಿ, ಎಡಗೈಯಲ್ಲಿ ಹಿಡಿದು ಮಡಕೆಗೆ ಹಾಕಿ ತಿರುಗಿಸಿದಳು. ಅಂಚು ಅಡಿಗೆ ತಾಗಲೇ ಇಲ್ಲ. ಬಲಗೈಗೆ ಬದಲಿಸಿದಳು. ಸರಿಯಾಗಿ ತಾಗಿತು.

ಅವಳು ಹಳೆಯ ಸೌಟನ್ನು ತೆಗೆದು ಹಿಂದೆ ಮುಂದೆ ನೋಡಿದಳು. ಮುಖ ಕಪ್ಪಾಯಿತು.

"ಈ ಓರೆ ಯಾವ ಆಚಾರಿಯೂ ಮಾಡಿದ್ದಲ್ಲ. ನನ್ನ ಬಲಗೈ ತಿಕ್ಕಿ ತಿಕ್ಕಿ ಸವೆಸಿದ್ದು. ಮದುವೆಯಾಗಿ ಬಂದಾಗ ಇದು ಸಪಾಟಾಗಿಯೇ ಇತ್ತು. ಎಡಗೈಯ ಸೌಟು ಮಾಡ್ತೇನೆ ಅಂತ ಕೂತು ಪುನಃ ಅವರು ಹೇಳಿದ ಕೈಯದ್ದನ್ನೇ ಮಾಡಿದೆನಲ್ಲ, ಥೂ!"

ಹೊಸ ಸೌಟು ಕೊಟ್ಟಿಗೆಯ ಗೊಬ್ಬರದ ರಾಶಿಗೆ ಹಾರಿತು. ಎರಡನೆಯದನ್ನು ಅವಳು ಎದುರಿಗೆ ಏನನ್ನೂ ಇಟ್ಟುಕೊಳ್ಳದೆ ಕೆತ್ತಿದಳು. ಕೆತ್ತುತ್ತಾ ಮಧ್ಯೆ ಮಧ್ಯೆ ಎಡಗೈಯನ್ನು ಗಾಳಿಯಲ್ಲಿ ತಿರುಗಿಸಿ ನೋಡುತ್ತಿದ್ದಳು. ಈ ಸಲ ಓರೆ ಇನ್ನೊಂದು ಬದಿಗೆ ಬಂತು.

ಕುಂಬಳೆಗೆ ಅವಳ ಜೊತೆ ನಾನೂ ಹೋದೆ. ನಮಿತಾ ಕಾಲಿಗೆ ಬಟ್ಟೆ ಸುತ್ತಿಕೊಂಡು ಕುಂಟುತ್ತಾ ಚಾ ತಂದಳು. ವಾರಿಜಕ್ಕ ಸೌಟನ್ನು ಬಲಗೈಯಲ್ಲಿ ಹಿಡಿದು ತಿರುಗಿಸಿ ನೋಡಿದರು.

"ಹಿಡಿ ಚಂದ ಉಂಟು. ಆದರೆ ಇದು ಓರೆ ಆಯ್ತಲ್ಲ ಲೋಲಾಕ್ಷಿಯವರೇ? ಕೈ ತಪ್ಪಿತಾ?"

"ಸೌಟು ಸರಿಯೇ ಉಂಟು. ಹಿಡಿದ ಕೈ ತಪ್ಪು. ಅದು ನಮಿತನ ಎಡಗೈಗೆ ಮಾಡಿದ್ದು."

ವಾರಿಜಕ್ಕ ಸೌಟನ್ನು ಚಾಪೆಯ ಮೇಲಿಟ್ಟರು. "ನೆಂಟರು ಎಲೆಯ ಎದುರು ಕೂತಿರುವಾಗ ಎಡಗೈಯಲ್ಲಿ ಬಡಿಸಿದರೆ ನಾವು ಮುಖ ಎಲ್ಲಿ ಇಡುವುದು? ನೀವು ಹಿರಿಯರು, ಬುದ್ಧಿ ಹೇಳಿಕೊಡುವುದು ಬಿಟ್ಟು ಸೌಟು ತಂದಿದ್ದೀರಿ!"

"ಅವಳ ಕಾಲು ಸುಟ್ಟಾಗ ಮುಖ ಎಲ್ಲಿ ಇಟ್ಟಿದ್ದಿರೋ ಅಲ್ಲಿಯೇ ಇಡಿ. ವಿಜೇತ, ನೀನು ಹೇಳು. ಉಣ್ಣುವವ ನೀನಲ್ವಾ?"

ವಿಜೇತ ಮೊಬೈಲು ತಿರುಗಿಸುತ್ತಾ, "ಅಮ್ಮನಿಗೆ ಬೇಸರ ಆಗ್ತದೆ ದೊಡ್ಡಮ್ಮ" ಎಂದ.

"ಅವಳಿಗೆ ಉರಿ ಆಗ್ಲಿಲ್ವಾ?"

ಅದುವರೆಗೆ ಗೋಡೆಗೊರಗಿ ನಿಂತಿದ್ದ ನಮಿತಾ ಒಮ್ಮೆಲೇ ಮಾತಾಡಿದಳು. ಸಿಟ್ಟು ಅತ್ತೆಯ ಮೇಲಲ್ಲ, ದೊಡ್ಡಮ್ಮನ ಮೇಲೆ.

"ನೀವು ಹೇಳಿ ಬಸ್ಸು ಹತ್ತಿ ಹೋಗ್ತೀರಿ ದೊಡ್ಡಮ್ಮ. ಇಲ್ಲಿ ದಿನಾ ಬಡಿಸುವವಳು ನಾನು. ದೊಡ್ಡಪ್ಪನಿಗೆ ನೀವು ಇವತ್ತು ಯಾವ ಕೈಯಲ್ಲಿ ಗಂಜಿ ಬಡಿಸಿ ಬಂದಿರಿ?"

ಲೋಲಾಕ್ಷಿ ತನ್ನ ಬಲಗೈಯನ್ನು ನೋಡಿಕೊಂಡಳು.

"ಬಲಗೈಯಲ್ಲಿ ಅಲ್ವಾ? ಮೊದಲು ನಿಮ್ಮ ಮನೆಯಲ್ಲಿ ಎಡಗೈಯಲ್ಲಿ ಬಡಿಸಿ. ಆಮೇಲೆ ಇದನ್ನು ತನ್ನಿ, ನಾನು ಹಿಡೀತೇನೆ. ನನ್ನನ್ನು ಮಾತ್ರ ಮುಂದೆ ದೂಡಬೇಡಿ."

ಲೋಲಾಕ್ಷಿ ಸೌಟನ್ನು ಚೀಲಕ್ಕೆ ತುರುಕಿ ಎದ್ದಳು. ಬಸ್ಸು ಸೀತಾಂಗೋಳಿ ದಾಟಿದ ಮೇಲೆ ಹಲ್ಲು ಕಚ್ಚಿ, "ಸತ್ಯ ಹೇಳಿದಳಲ್ಲ, ಅದಕ್ಕೇ ಮೈಯೆಲ್ಲ ಉರಿಯುವುದು" ಎಂದಳು.

ಮರುದಿನ ಮಧ್ಯಾಹ್ನ ನಾನು ತೋಡು ದಾಟಿ ಅಲ್ಲಿಗೆ ಹೋದಾಗ ಮಹಾಬಲಣ್ಣ ಬಟ್ಟಲಿನ ಎದುರು ಕೂತಿದ್ದರು. ಲೋಲಾಕ್ಷಿ ಮಡಕೆಯನ್ನು ಹತ್ತಿರ ಎಳೆದು ಎಡಗೈಯಲ್ಲಿ ಗಂಜಿ ಮೊಗೆದಳು. ಅವರು ಬಟ್ಟಲನ್ನು ಹಿಂದೆ ಸರಿಸಿದರು.

"ಇದೆಂತ? ಬಲಗೈ ನೋವಾ?"

"ನೋವೆಂತ ಇಲ್ಲ. ನನ್ನ ಕೈ ಇದೇ."

"ಈ ಪ್ರಾಯದಲ್ಲಿ ನಿನಗೆ ಎಂತ ಮರುಳು ಮಾರಾಯ್ತಿ? ನಾನೇ ಹಾಕಿಕೊಳ್ತೇನೆ. ಹಳೆಯ ಸೌಟು ಎಲ್ಲಿ?"

"ಒಲೆಯಲ್ಲಿ."

ಮಹಾಬಲಣ್ಣ ಬಗ್ಗಿ ನೋಡಿದರು. ಸೌಟಿನ ಹಿಡಿ ಕೆಂಪಗೆ ಕೆಂಡವಾಗಿತ್ತು. ಹೊಸದನ್ನು ಕಿತ್ತುಕೊಂಡು ಬಲಗೈಯಲ್ಲಿ ಮೊಗೆಯಲು ಹೋದರು. ಅರ್ಧ ಗಂಜಿ ನೆಲಕ್ಕೆ ಚೆಲ್ಲಿ ಮೊಣಕಾಲಿಗೆ ಸಿಡಿಯಿತು.

"ಬಿಸಿ ಉಂಟಾ? ನಮಿತನಿಗೂ ಹೀಗೆಯೇ ಆದದ್ದು" ಎಂದಳು ಲೋಲಾಕ್ಷಿ. ದನಿಯಲ್ಲಿ ಕರುಣೆಯ ಒಂದು ಹನಿಯೂ ಇರಲಿಲ್ಲ.

ಅವರು ನನ್ನ ಮುಖ ನೋಡಿದರು, ಅವಳ ಮುಖ ನೋಡಿದರು. ಬೈಯಲು ಹೊರಟವರು ನಿಲ್ಲಿಸಿ ಸೌಟು ಅವಳಿಗೆ ಕೊಟ್ಟು ಬಟ್ಟಲು ಮುಂದಿಟ್ಟರು. ಅವಳು ಬಡಿಸಿದಳು. ಅವರು ತಲೆ ಎತ್ತದೆ ಉಂಡು, ಕೈ ತೊಳೆದು, ಜಗಲಿಗೆ ಹೋಗಿ ನಮಗೆ ಬೆನ್ನು ಹಾಕಿ ಕೂತರು.

"ಇನ್ನು ಬರಲಿ ವಾರಿಜಕ್ಕ ನನಗೆ ಬುದ್ಧಿ ಹೇಳಲಿಕ್ಕೆ. ನಾಳೆ ಬೆಳಗಿನ ಬಸ್ಸಿಗೇ ಕುಂಬಳೆಗೆ ಹೋಗುವುದು" ಎಂದು ಅವಳು ಸೌಟನ್ನು ಬೇರೆಯಾಗಿ ತೊಳೆದು ಬಿಸಿಲಿಗಿಟ್ಟಳು. ಆಮೇಲೆ ಚೆಲ್ಲಿದ ಗಂಜಿಯನ್ನು ಒರೆಸಿ, ಮಡಕೆಯನ್ನು ಬಾವಿಕಟ್ಟೆಗೆ ಒಯ್ದು, ಬೂದಿ ಹಾಕಿ, ತೆಂಗಿನ ನಾರಿನಿಂದ ತಿಕ್ಕತೊಡಗಿದಳು.