ಒಂಬತ್ತಾದ ಮೇಲೆ ಹತ್ತು

ಸಕ್ಕರೆ ಕಾಯಿಲೆಯಿಂದ ನನ್ನ ಹೆಂಡತಿಯ ಕಣ್ಣು ಹೋದ ಮೇಲೆ ಮನೆಯ ಲ್ಯಾಪ್‌ಟಾಪೇ ಅವಳಿಗೆ ಕಾದಂಬರಿ ಓದಿ ಹೇಳುತ್ತಿತ್ತು. ಯಾರೋ ಪುಣ್ಯಾತ್ಮರು ಬರೆದು, ಅದರ ಮೂಲ ಕೋಡನ್ನೂ ಬಿಟ್ಟಿಯಾಗಿ ಹಂಚಿದ್ದ ಸಾಫ್ಟ್‌ವೇರು. ದನಿ ಮೂಗಿನಲ್ಲಿ ಬರುತ್ತಿತ್ತು. ‘ಬರ್ಲಿ ಬುಡಿ, ಯಾರ್ ದಾರಿನೂ ಕಾಯಂಗಿಲ್ಲ, ನನ್ ಪಾಡ್ಗೆ ನಾನ್ ಓದ್ಕತೀನಿ’ ಅನ್ನುತ್ತಿದ್ದಳು.

ಒಂದು ದಿನ ಲ್ಯಾಪ್‌ಟಾಪು ತಾನೇ ತಾನಾಗಿ ಅಪ್‌ಡೇಟ್ ಆಯಿತು, ದನಿ ನಿಂತುಹೋಯಿತು. ಹೊಸ ಆವೃತ್ತಿಯ ಮೂಲ ಕೋಡು ತಂದು ನೀವೇ ಕಟ್ಟಿಕೊಳ್ಳಿ ಎಂದು ಅದರ ವೆಬ್‌ಸೈಟಿನಲ್ಲಿ ಬರೆದಿದ್ದರು. ಹೇಳುವವರಿಗೇನು!

ನಾನು ಚಿನಕುರಳಿ ಕಡೆಯ ಡೈರಿಯಲ್ಲಿ ಹಾಲಿನ ಫ್ಯಾಟು ನೋಡುವವನು. ಅಲ್ಲಿ 3.9 ಬಂದರೆ ಗಟ್ಟಿ ಹಾಲು, 3.1 ಬಂದರೆ ನೀರು. ಕೊನೆಗೊಂದು ಸೊನ್ನೆ ಸೇರಿಸಿ 3.10 ಅಂದರೂ ನೀರು ನೀರೇ. ವೆಬ್‌ಸೈಟಿನಲ್ಲಿ 1.9, 1.10 ಎರಡೂ ಇದ್ದವು. ಕಣ್ಣು ಮುಚ್ಚಿಕೊಂಡು 1.9ನ್ನೇ ಹೊಸದೆಂದು ತಂದೆ. ಒಂದು ಕಡೆ ಸರಿಮಾಡಿದರೆ ಇನ್ನೊಂದು ಕಡೆ ತಪ್ಪು. ಹೆಣಗಾಡಿ ಕಟ್ಟಿದೆ, ಅದು ತುಟಿ ಬಿಚ್ಚಲಿಲ್ಲ.

ಶ್ರೀರಂಗಪಟ್ಟಣದಲ್ಲಿ ಕಂಪ್ಯೂಟರ್ ರಿಪೇರಿ ಮಾಡುವ ಗೆಳೆಯನಿಗೆ ಫೋನು ಮಾಡಿದೆ. ‘ಅರೆ, ಅದು ನಿನ್ ಹಾಲಲ್ಲ ಕಣ್ಲಾ. ಚುಕ್ಕಿ ಆದ್ಮೇಲೆ ಒಂಬತ್ತು, ಆಮೇಲೆ ಹತ್ತು. ಹತ್ತೇ ಹೊಸ್ದು. ಚುಕ್ಕಿಗಿಂತ ಮುಂಚಿನ ಅಂಕಿ ಬದ್ಲಾದ್ರೆ ಮಾತ್ರ ಉಷಾರು, ಮನೇನೇ ಕೆಡವಿ ಕಟ್ಟವ್ರೆ ಅಂತ’ ಎಂದು ನಕ್ಕ. ನಾಚಿಕೆಗಿಂತ ಖುಷಿಯೇ ಹೆಚ್ಚಾಯಿತು. ಸಿಕ್ಕಿಬಿಟ್ಟಿತು ಎಂದು ಹೆಂಡತಿಗೆ ಹೇಳಿದೆ. ಹೇಳಬಾರದಿತ್ತು. ಅವಳು ಇಯರ್‌ಫೋನಿನ ಸಿಕ್ಕು ಬಿಡಿಸಿ ಮಡಿಲಲ್ಲಿಟ್ಟುಕೊಂಡು ಕೂತಳು.

ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು. 1.10 ಕಟ್ಟಲು ಬೇಕಾದ ಹಳೆಯ ಸಣ್ಣಪುಟ್ಟ ಸಾಫ್ಟ್‌ವೇರು ಸಾಮಾನನ್ನು, ಅಪ್‌ಡೇಟ್ ಆಗಿದ್ದ ಹೊಸ ಸಿಸ್ಟಮ್ಮು ಒಳಗೇ ಬಿಡಲಿಲ್ಲ. ಗೆಳೆಯ ಮನೆಗೇ ಬಂದು ಹಳೆಯ ಸಿಸ್ಟಮ್ಮನ್ನೇ ವಾಪಸು ಹಾಕಲು ನೋಡಿದ, ಅದರ ಸಾಮಾನು ಸಿಗುತ್ತಿದ್ದ ಸರ್ವರು ಮುಚ್ಚಿಹೋಗಿತ್ತು. ಫೋನಿನಲ್ಲಿ ಕೇಳಿಸೋಣವೆಂದರೆ ಅದರ ಗಾಜು ಅವಳ ಜೋಮುಗಟ್ಟಿದ ಬೆರಳಿಗೆ ತಿಳಿಯುವುದಿಲ್ಲ, ಲ್ಯಾಪ್‌ಟಾಪಿನ ಗುಂಡಿಗಳೇ ಬೇಕು.

ಉಳಿದದ್ದು, ಅಷ್ಟರಲ್ಲಿ ವೆಬ್‌ಸೈಟಿಗೆ ಹೊಸದಾಗಿ ಬಂದಿದ್ದ 2.0. ಒಂದು ತಪ್ಪೂ ಇಲ್ಲದೆ ಕಟ್ಟಿಕೊಂಡಿತು. ಇಂಗ್ಲಿಷಿನಲ್ಲಿ ಮಾತಾಡಿತು, ಹಿಂದಿಯಲ್ಲಿ ಮಾತಾಡಿತು. ಕನ್ನಡ ಹುಡುಕಿದರೆ, ಆ ದನಿಯನ್ನು ನೋಡಿಕೊಳ್ಳುವವರು ಯಾರೂ ಉಳಿದಿಲ್ಲ, ಆದ್ದರಿಂದ ತೆಗೆದಿದ್ದೇವೆ ಎಂದು ಬರೆದಿತ್ತು. ಬಿಟ್ಟಿ ಕೊಟ್ಟವರನ್ನು ಬಯ್ಯುವುದು ಯಾವ ಬಾಯಲ್ಲಿ?

‘ಬಂತಾ?’ ಎಂದಳು. ಇಲ್ಲ ಎಂದೆ. ಇಯರ್‌ಫೋನನ್ನು ಮತ್ತೆ ಸುತ್ತಿಟ್ಟಳು.

ಈಗ ಡೈರಿಯಿಂದ ಬಂದು ನಾನೇ ಓದಿ ಹೇಳುತ್ತೇನೆ. ಪುಟ ಮುಗಿಯುವುದರೊಳಗೆ ‘ಸಾಕು ಬುಡಿ, ನಿಮ್ಗೆ ಕೆಲ್ಸ ಅದೆ’ ಅನ್ನುತ್ತಾಳೆ. ಆ ಮೂಗಿನ ದನಿಗೆ ಅವಳು ಒಂದು ದಿನವೂ ಸಾಕು ಅಂದವಳಲ್ಲ.